ಅಸಲು ಲೆಕ್ಕ ಹಾಕಿದ ಕುಂಬಾರ: ಜೊಸಾಯಾ ವೆಡ್ಜ್‌ವುಡ್

ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ನಮ್ಮ ಸಂಘದ ಕಾರ್ಯದರ್ಶಿಗಳು ಕೇಳಿದರು. ಸಹಕಾರ ಚಳವಳಿಯ ಹಿರಿಯರ ವಿಚಾರವನ್ನು ಬಲ್ಲವರು ಬರೆದೇ ಬರೆಯುತ್ತಾರೆ. ನಾನು ಒಬ್ಬ ಕುಂಬಾರನ ಕತೆ ಹೇಳುತ್ತೇನೆ. ಕಾರಣ ಇಷ್ಟೇ. ಅಂಗಡಿ ಇಟ್ಟವರಿರಲಿ, ಹೊಲಿಗೆಯವರಿರಲಿ, ಹಪ್ಪಳ ಸಂಡಿಗೆ ಮಾಡುವ ತಾಯಂದಿರಿರಲಿ, ಒಂದು ಸಾಮಾನಿಗೆ ನಿಮಗೆ ಅಸಲು ಎಷ್ಟು ಬೀಳುತ್ತೆ ಅಂತ ಕೇಳಿ ನೋಡಿ. ಪಕ್ಕದವರು ಎಷ್ಟಕ್ಕೆ ಕೊಡ್ತಾರೋ ಅಷ್ಟಕ್ಕೇ ನಾವೂ ಕೊಡ್ತೀವಿ ಅನ್ನುವವರೇ ಹೆಚ್ಚು. ಇದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಯುರೋಪಿನ ಅರಮನೆಗಳಿಗೆ ತಟ್ಟೆ ಬಟ್ಟಲು ಮಾರಿದ ಇಂಗ್ಲೆಂಡಿನ ಜೊಸಾಯಾ ವೆಡ್ಜ್‌ವುಡ್ ಕೂಡ ಹದಿಮೂರು ವರ್ಷ ಸರಿಯಾದ ಅಸಲು ತಿಳಿಯದೆಯೇ ವ್ಯಾಪಾರ ಮಾಡಿದ.

ಆತ ಹುಟ್ಟಿದ್ದು 1730ರಲ್ಲಿ, ಸ್ಟಾಫರ್ಡ್‌ಶೈರ್ ಸೀಮೆಯ ಬರ್ಸ್ಲೆಂ ಎಂಬ ಊರಿನಲ್ಲಿ. ಊರಿಗೆ ಊರೇ ಕುಂಬಾರಿಕೆಯ ಮೇಲೆ ನಿಂತಿತ್ತು. ದೊಡ್ಡ ಸಂಸಾರದ ಕಟ್ಟಕಡೆಯ ಮಗ. ಒಂಬತ್ತನೆಯ ವಯಸ್ಸಿಗೆ ತಂದೆ ತೀರಿಕೊಂಡರು, ಶಾಲೆ ಅಲ್ಲಿಗೇ ನಿಂತಿತು, ಹುಡುಗ ಮಣ್ಣಿನ ಕೆಲಸಕ್ಕೆ ಬಂದ. ಮುಂದೆ ಸಿಡುಬು ಬಂದು ಜೀವ ಉಳಿಯಿತಾದರೂ ಬಲಗಾಲಿನ ಮಂಡಿ ಕೆಟ್ಟಿತು. ಕಾಲಿನಿಂದ ತುಳಿದು ತಿಗರಿ ತಿರುಗಿಸಬೇಕಾದ ಕಸುಬಿನಲ್ಲಿ ಕಾಲೇ ಹೋದರೆ ಮಾಡೋದೇನು? ತಿಗರಿಯ ಮುಂದೆ ಹೆಚ್ಚು ಹೊತ್ತು ಕೂರಲಾಗದೆ ಆತ ಮಣ್ಣು, ಮೆರುಗು, ಬಣ್ಣ, ಬೆಂಕಿ ಇವುಗಳ ಗುಣ ಕಲಿಯುವುದರ ಕಡೆ ಮನಸ್ಸು ಹರಿಸಿದ. 1754ರಲ್ಲಿ ಥಾಮಸ್ ವೀಲ್ಡನ್ ಎಂಬ ಹೆಸರಾಂತ ಕುಂಬಾರನ ಜೊತೆ ಪಾಲುದಾರನಾದ. ಮಾಡಿದ ಪ್ರತಿ ಪ್ರಯೋಗಕ್ಕೂ ಒಂದು ನಂಬರು ಕೊಟ್ಟು, ಯಾವ ಮಣ್ಣು ಎಷ್ಟು, ಆವಿಗೆಯ ಯಾವ ಜಾಗದಲ್ಲಿ ಬೆಂದಿತು, ಫಲ ಏನಾಯಿತು ಅಂತ ಪುಸ್ತಕದಲ್ಲಿ ಬರೆದಿಡುತ್ತಿದ್ದ. ಕೆಟ್ಟುಹೋದದ್ದನ್ನೂ ಬರೆದ. ಕಂಡವರ ಕೈಗೆ ಸಿಕ್ಕಿದರೆ ಎಂದು ಗುಟ್ಟಿನ ಅಂಕಿಗಳಲ್ಲಿ ಬರೆದ ಅನ್ನುವುದು ಬೇರೆ ಮಾತು!

1759ರಲ್ಲಿ ಬರ್ಸ್ಲೆಂನಲ್ಲಿ ಬಾಡಿಗೆ ಜಾಗ ಹಿಡಿದು ಸ್ವಂತ ಕೆಲಸ ಶುರು ಮಾಡಿದ. ಆತ ಹದಗೊಳಿಸಿದ ಕೆನೆಬಣ್ಣದ ಪಾತ್ರೆ ತೆಳುವಾಗಿ, ನಯವಾಗಿ, ಬಿಸಿ ತಾಳುವಂತಿತ್ತು. 1765ರಲ್ಲಿ ರಾಣಿ ಷಾರ್ಲೆಟ್ ಒಂದು ಚಹಾ ಸೆಟ್ಟು ಮಾಡಿಸಿಕೊಂಡಳು. ಅದಕ್ಕೆ ರಾಣಿಯ ಹೆಸರನ್ನೇ ಇಟ್ಟು ಮಾರಿದ. ದೊಡ್ಡವರು ಬಳಸಿದ್ದನ್ನು ಉಳಿದವರೂ ಕೊಳ್ಳುತ್ತಾರೆ ಅನ್ನುವುದು ಆತನಿಗೆ ಚೆನ್ನಾಗಿ ಗೊತ್ತಿತ್ತು. ಲಂಡನ್ನಿನಲ್ಲಿ ಮಳಿಗೆ ತೆರೆದ. ಆತನ ಸರಕು ಅಕ್ಕಪಕ್ಕದವರದಕ್ಕಿಂತ ಅಗ್ಗವಾಗಿರಲಿಲ್ಲ, ತುಟ್ಟಿಯೇ.

1768ರಲ್ಲಿ ಆ ಹಾಳು ಕಾಲನ್ನು ಕತ್ತರಿಸಬೇಕಾಯಿತು. ಅರಿವಳಿಕೆ ಮದ್ದು ಇಲ್ಲದ ಕಾಲ ಅದು. ಮರದ ಕಾಲು ಹಾಕಿಕೊಂಡು ಎದ್ದವನು ಮರುವರ್ಷವೇ ಎಟ್ರೂರಿಯಾ ಎಂಬ ಹೊಸ ಕಾರ್ಖಾನೆ ತೆರೆದ. ಅಲ್ಲಿ ಒಬ್ಬನೇ ಎಲ್ಲ ಕೆಲಸ ಮಾಡುತ್ತಿರಲಿಲ್ಲ. ಹದ ಮಾಡುವವರು, ತಿಗರಿಯವರು, ಹಿಡಿ ಕೂರಿಸುವವರು, ಬಣ್ಣ ಬಳಿಯುವವರು ಎಂದು ಕೆಲಸ ಹಂಚಿದ. ಹೊತ್ತಿಗೆ ಸರಿಯಾಗಿ ಗಂಟೆ ಬಾರಿಸಿ ಆಳುಗಳನ್ನು ಕರೆಯುತ್ತಿದ್ದ. ಬಹಳ ಬಿಗಿ ಮನುಷ್ಯ, ಸಡಿಲ ಬಿಡುವವನಲ್ಲ. ಒರಟಾದ ಪಾತ್ರೆ ಕಂಡರೆ ಅಲ್ಲೇ ಒಡೆದು ಹಾಕುತ್ತಿದ್ದ ಎಂದು ಜನ ಹೇಳಿಕೊಂಡು ಬಂದಿದ್ದಾರೆ.

ಇಷ್ಟೆಲ್ಲ ಇದ್ದೂ 1772ರಲ್ಲಿ ಪೆಟ್ಟು ಬಿತ್ತು. ಆ ವರ್ಷದ ಜೂನ್‌ನಲ್ಲಿ ಲಂಡನ್ನಿನ ಒಂದು ಬ್ಯಾಂಕು ಮುಳುಗಿ, ಅದರ ಹಿಂದೆ ಇನ್ನೂ ಹಲವು ಮುಳುಗಿದವು. ಸಾಲ ಹುಟ್ಟದಾಯಿತು, ಗಿರಾಕಿ ಕಮ್ಮಿಯಾದರು. ವೆಡ್ಜ್‌ವುಡ್ಡನ ಉಗ್ರಾಣದಲ್ಲಿ ಸರಕು ರಾಶಿ ಬಿತ್ತು. ಉದ್ರಿ ಬಾಕಿ ಬರಲಿಲ್ಲ, ಶನಿವಾರದ ಬಟವಾಡೆ ಮಾತ್ರ ತಪ್ಪುವಂತಿರಲಿಲ್ಲ. ಹೆಸರಿತ್ತು, ಕೈಯಲ್ಲಿ ದುಡ್ಡಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಸಿಕ್ಕಿದ ಬೆಲೆಗೆ ಮಾರಿ ಕೈ ತೊಳೆದುಕೊಳ್ಳುತ್ತಿದ್ದರು. ಆತ ಪ್ರಯೋಗದ ಪುಸ್ತಕದಂತೆಯೇ ಖರ್ಚಿನ ಪುಸ್ತಕ ತೆರೆದು ಕುಳಿತ. ಒಂದೊಂದು ಬಗೆಯ ಪಾತ್ರೆಗೂ ಮಣ್ಣೆಷ್ಟು, ಕಲ್ಲಿದ್ದಲೆಷ್ಟು, ಕೂಲಿಯೆಷ್ಟು, ಅಚ್ಚಿಗೆಷ್ಟು, ಮಳಿಗೆ ಬಾಡಿಗೆ ಎಷ್ಟು, ಗುಮಾಸ್ತರ ಸಂಬಳವೆಷ್ಟು, ಒಡೆದು ಹಾಳಾದದ್ದೆಷ್ಟು ಎಂದು ಬಿಡಿಬಿಡಿಯಾಗಿ ಬರೆದ. ಮೊದಲು ಹೊರಬಿದ್ದದ್ದು ಕಳ್ಳತನ. ನಂಬಿದ್ದ ಹಿರಿಯ ಗುಮಾಸ್ತನೇ ಹಣ ತಿಂದಿದ್ದ. ಅವನ ಜಾಗಕ್ಕೆ ಬೇರೊಬ್ಬ ಬಂದ, ವಾರ ವಾರವೂ ಲೆಕ್ಕ ಒಪ್ಪಿಸುವ ಪದ್ಧತಿ ಬಂತು.

ಎರಡನೆಯದಾಗಿ ಕಂಡದ್ದು ಇನ್ನೂ ಬೆಲೆಬಾಳುವ ಸಂಗತಿ. ಕೆಲವು ಖರ್ಚು ಮಾಲು ಹೆಚ್ಚಾದರೆ ಹೆಚ್ಚುತ್ತದೆ, ಮಣ್ಣಿನಂತೆ. ಇನ್ನು ಕೆಲವು ಮಾಲು ಮಾಡಿದರೂ ಇದ್ದೇ ಇರುತ್ತವೆ, ಮಾಡದಿದ್ದರೂ ಇದ್ದೇ ಇರುತ್ತವೆ: ಅಚ್ಚು, ಬಾಡಿಗೆ, ಗುಮಾಸ್ತರ ಸಂಬಳ. ನಮ್ಮ ರೂಪಾಯಿಯಲ್ಲೇ ಹೇಳುವುದಾದರೆ, ಒಂದು ಅಚ್ಚಿಗೆ 1000 ರೂ. ಬಿತ್ತು ಅನ್ನಿ. ಅದರಲ್ಲಿ ನೂರು ಹೂದಾನಿ ತೆಗೆದರೆ ಒಂದೊಂದರ ತಲೆ ಮೇಲೆ 10 ರೂ. ಅಚ್ಚಿನ ಖರ್ಚು. ಸಾವಿರ ತೆಗೆದರೆ ಒಂದೇ ರೂಪಾಯಿ. ಹಾಗಾಗಿ ದಿನಕ್ಕೊಂದು ಹೊಸ ನಮೂನೆ ಮಾಡುವ ಬದಲು ಇದ್ದ ಅಚ್ಚಿನಲ್ಲೇ ಹೆಚ್ಚು ತೆಗೆಯುವುದು ಲಾಭ ಎಂದು ಆತನಿಗೆ ಹೊಳೆಯಿತು. ಆ ಹೂದಾನಿಗಳನ್ನು ಶ್ರೀಮಂತರ ಮನೆಗಳಲ್ಲಿ ಜನ ನೋಡಿ ಮೆಚ್ಚಿಯಾಗಿತ್ತು. ಈಗ ಬೆಲೆ ಇಳಿಸಿದರೆ ಮಧ್ಯಮ ವರ್ಗದವರು ಕೊಳ್ಳುತ್ತಾರೆ ಎಂದು ಲೆಕ್ಕ ಹಾಕಿದ.

ಇದನ್ನು ಓದಿ ನಾಳೆಯೇ ಬೆಲೆ ಇಳಿಸಲು ಹೊರಡಬೇಡಿ ಮಾರಾಯರೇ! ಆತ ಇಳಿಸಿದ್ದು ಎಲ್ಲಿಯವರೆಗೆ ಇಳಿಸಬಹುದು ಎಂದು ತಿಳಿದ ಮೇಲೆ, ಕೊಳ್ಳುವ ಹೊಸಬರಿದ್ದಾರೆ ಎಂದು ಗೊತ್ತಾದ ಮೇಲೆ. ಗುಣವನ್ನಂತೂ ಇಳಿಸಲಿಲ್ಲ.

ಖರ್ಚು ತಗ್ಗಿಸಲು ಆತ ಹಿಡಿದ ಇನ್ನೊಂದು ದಾರಿ ಮಾತ್ರ ಒಬ್ಬನಿಂದ ಆಗುವಂಥದ್ದಲ್ಲ. ಒಳ್ಳೆಯ ಬಿಳಿ ಮಣ್ಣು ದೂರದ ಸೀಮೆಯಿಂದ ಹಡಗಿನಲ್ಲಿ ಬಂದು, ಆಮೇಲೆ ಕುದುರೆ ಬೆನ್ನ ಮೇಲೆ ಕೆಟ್ಟ ದಾರಿಯಲ್ಲಿ ಬರಬೇಕಿತ್ತು. ತಯಾರಾದ ಪಾತ್ರೆ ಅದೇ ದಾರಿಯಲ್ಲಿ ಒಡೆಯುತ್ತಾ ಹೋಗುತ್ತಿತ್ತು. ಸುಮಾರು 150 ಕಿ.ಮೀ. ಉದ್ದದ ಟ್ರೆಂಟ್–ಮರ್ಸಿ ಕಾಲುವೆಗೆ ಹಲವರು ಸೇರಿ ಹಣ ಹೂಡಿದರು. 1766ರಲ್ಲಿ ಮೊದಲ ಹಾರೆ ಹಾಕಿದವನು ವೆಡ್ಜ್‌ವುಡ್. ಆ ಕಾಲುವೆ ಕಂಪನಿಯ ಖಜಾಂಚಿ ಕೆಲಸವನ್ನು ಸಂಬಳವಿಲ್ಲದೆ ಮಾಡಿದ. 1777ರಲ್ಲಿ ಕಾಲುವೆ ಪೂರ್ತಿಯಾಗಿ, ಕಾರ್ಖಾನೆಯ ಬಾಗಿಲಿಗೇ ದೋಣಿ ಬಂತು. ಪೈಪೋಟಿಯ ಕುಂಬಾರರಿಗೂ ಅದರಿಂದ ಲಾಭವಾಯಿತು.

ಕಲಿಯುವುದನ್ನು ಆತ ಕೊನೆತನಕ ಬಿಡಲಿಲ್ಲ. ಸಾವಿರಾರು ಪ್ರಯೋಗ ಮಾಡಿ ಜಾಸ್ಪರ್ ಎಂಬ ಹೊಸ ಬಗೆಯ ಪಾತ್ರೆ ತಂದ. ಆವಿಗೆಯ ಶಾಖ ಅಳೆಯುವ ಸಾಧನ ಮಾಡಿದ್ದಕ್ಕೆ 1783ರಲ್ಲಿ ರಾಯಲ್ ಸೊಸೈಟಿ ಈ ಶಾಲೆ ಬಿಟ್ಟ ಹುಡುಗನನ್ನು ಸದಸ್ಯನನ್ನಾಗಿ ಮಾಡಿಕೊಂಡಿತು. 1787ರಲ್ಲಿ ಗುಲಾಮಗಿರಿಯ ವಿರುದ್ಧ ಪದಕಗಳನ್ನು ಮಾಡಿಸಿ ಹಂಚಿದ. ವಿಜ್ಞಾನಿ ಚಾರ್ಲ್ಸ್ ಡಾರ್ವಿನ್ ಈತನ ಮಗಳ ಮಗ.

1795ರ ಜನವರಿ 3ರಂದು ವೆಡ್ಜ್‌ವುಡ್ ತೀರಿಕೊಂಡ. ಎಟ್ರೂರಿಯಾದ ಕಾರ್ಖಾನೆ 1950ರವರೆಗೆ ನಡೆಯಿತು. ಆತ ನಂಬರು ಹಾಕಿ ಬರೆದಿಟ್ಟ ಪ್ರಯೋಗದ ಪುಸ್ತಕಗಳು ಇಂದಿಗೂ ಉಳಿದಿವೆ.