ದುಡಿದು ಉಣಿಸಿದ ಶರಣ ದಂಪತಿ: ದೇವರ ದಾಸಿಮಯ್ಯ ಮತ್ತು ದುಗ್ಗಳೆ



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಬೆಳ್ಳಿಹಬ್ಬದ ಸಂಚಿಕೆಗೆ ಯಾರಾದರೂ ಮಹನೀಯರ ಜೀವನದ ಮೇಲೆ ನಾಲ್ಕು ಮಾತು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ರಾಜಕೀಯದಲ್ಲಿ ದೊಡ್ಡವರಾದವರು, ರಾಜ್ಯ ಆಳಿದವರು ನಮ್ಮ ಸೀಮೆಯಲ್ಲೂ ಬೇಕಾದಷ್ಟು ಮಂದಿ ಆಗಿಹೋಗಿದ್ದಾರೆ. ಆದರೆ ಸಹಕಾರಿ ಸಂಘವೆಂದರೆ ದುಡಿಯುವವರ ಸಂಘ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಈ ನಾಲ್ಕೂ ತಾಲೂಕಿನ ಬದುಕು ನಿಂತದ್ದು ಹೆಚ್ಚಾಗಿ ಎರಡರ ಮೇಲೆ. ಒಂದು ಹೊಲದ ಕಬ್ಬು, ಇನ್ನೊಂದು ಮನೆಯ ಮಗ್ಗ. ಕಬ್ಬೂ ಮಗ್ಗವೂ ಎರಡೂ ಬರುವಂಥ ಒಂದು ಶರಣ ದಂಪತಿಯ ಕಥೆ ನಮ್ಮ ಹಿರಿಯರ ಬಾಯಲ್ಲಿ ಉಳಿದು ಬಂದಿದೆ. ಆ ದಂಪತಿಯೇ ದೇವರ ದಾಸಿಮಯ್ಯನವರು ಮತ್ತು ಅವರ ಧರ್ಮಪತ್ನಿ ದುಗ್ಗಳೆ ತಾಯಿ.

ದಾಸಿಮಯ್ಯನವರ ಹುಟ್ಟೂರು ಮುದನೂರು. ಅದು ಸುರಪುರ ಸೀಮೆಯ ಊರು, ಈಗಿನ ಯಾದಗಿರಿ ಜಿಲ್ಲೆ. ನೇಯ್ಗೆ ಅವರ ಕಾಯಕ. ಹಳಗನ್ನಡದಲ್ಲಿ ಜೇಡ ಎಂದರೆ ನೇಕಾರ. ಆದ್ದರಿಂದ ಅವರನ್ನು ಜೇಡರ ದಾಸಿಮಯ್ಯ ಎಂದೂ ಕರೆಯುತ್ತಾರೆ. ಅವರು ಹನ್ನೊಂದನೆಯ ಶತಮಾನದವರು, ಬಸವಣ್ಣನವರಿಗಿಂತ ಸುಮಾರು ನೂರು ವರ್ಷ ಮುಂಚಿನವರು, ವಚನಕಾರರಲ್ಲಿ ಎಲ್ಲರಿಗಿಂತ ಮೊದಲಿಗರು ಎಂದು ಬಹಳ ಮಂದಿ ವಿದ್ವಾಂಸರ ಅಭಿಪ್ರಾಯ. ಸ್ವಲ್ಪ ಈಚಿನವರು ಎನ್ನುವ ವಿದ್ವಾಂಸರೂ ಇದ್ದಾರೆ. ಮುದನೂರಿನ ರಾಮನಾಥ ಅವರ ಆರಾಧ್ಯ ದೈವ. ಅವರ ಪ್ರತಿ ವಚನದ ಕೊನೆಗೂ ಆ ರಾಮನಾಥನ ಹೆಸರೇ ಅಂಕಿತ.

ಹರೆಯದಲ್ಲಿ ದಾಸಿಮಯ್ಯನವರಿಗೆ ಸಂಸಾರ ಬೇಡವೆನಿಸಿತ್ತಂತೆ. ಅಡವಿ ಸೇರಿ, ಅನ್ನ ನೀರು ಬಿಟ್ಟು, ಮೈಯನ್ನು ದಂಡಿಸಿ ಘೋರ ತಪಸ್ಸಿಗೆ ಕುಳಿತರು. ಆಗ ಶಿವನು ಪ್ರತ್ಯಕ್ಷನಾಗಿ, ಮೈಯನ್ನು ಹೀಗೆ ಸುಟ್ಟುಕೊಂಡರೆ ಯಾರಿಗೂ ಉಪಯೋಗವಿಲ್ಲ, ಊರಿಗೆ ಹೋಗಿ ಕಾಯಕ ಮಾಡು, ನಾಲ್ಕು ಮಂದಿಯ ನಡುವೆ ಬಾಳು ಎಂದು ತಿಳಿಹೇಳಿದ ಎಂದು ಕಥೆ. ದಾಸಿಮಯ್ಯನವರು ಎದ್ದು ಬಂದು ಮಗ್ಗದ ಮುಂದೆ ಕುಳಿತರು. ಅಡವಿಯಲ್ಲಿ ಸಿಗದ ದೇವರು ಮಗ್ಗದ ಕುಣಿಯಲ್ಲಿ ಸಿಕ್ಕ ಎಂದು ನಮ್ಮ ನೇಕಾರರು ಅಭಿಮಾನದಿಂದ ಹೇಳುವುದುಂಟು.

ಇನ್ನು ಮದುವೆಯ ಮಾತು. ಸಂಸಾರ ಹೂಡುವುದಾದರೆ ಕಷ್ಟಕ್ಕೂ ಸುಖಕ್ಕೂ ಹೆಗಲು ಕೊಡುವಂಥ ಹೆಣ್ಣೇ ಬೇಕೆಂದು ದಾಸಿಮಯ್ಯನವರು ಒಂದು ಪರೀಕ್ಷೆ ಒಡ್ಡಿದರು. ಉಸುಕು ಬೆರೆತ ಒಂದಿಷ್ಟು ಅಕ್ಕಿ, ಒಂದಿಷ್ಟು ಕಬ್ಬು ಹಿಡಿದುಕೊಂಡು ಊರೂರು ತಿರುಗಿದರು. ಹೊರಗಿನ ನೀರು ಮುಟ್ಟಬಾರದು, ಕಟ್ಟಿಗೆ ಉರಿಸಬಾರದು, ಈ ಅಕ್ಕಿಯಿಂದಲೇ ಪಾಯಸ ಮಾಡಿ ಬಡಿಸಬೇಕು. ಕೇಳಿದವರೆಲ್ಲ ನಕ್ಕರು, ಇವನಿಗೆ ಹುಚ್ಚು ಹಿಡಿದಿದೆ ಎಂದರು. ದುಗ್ಗಳೆ ನಗಲಿಲ್ಲ. ಆ ಹುಡುಗಿ ಮೊದಲು ಅಕ್ಕಿಯೊಳಗಿನ ಉಸುಕನ್ನು ಬೇರೆ ಮಾಡಿದಳು. ಕಬ್ಬು ಜಜ್ಜಿ ಹಾಲು ಹಿಂಡಿದಳು, ಅದೇ ಎಸರಾಯಿತು. ಉಳಿದ ಸಿಪ್ಪೆಯನ್ನು ಬಿಸಿಲಿಗೆ ಒಣಹಾಕಿದಳು, ಅದೇ ಉರುವಲಾಯಿತು. ಪಾಯಸ ತಯಾರು!

ಈಗ ನಮ್ಮ ಮುಧೋಳ, ಜಮಖಂಡಿ ಕಡೆಯ ಆಲೆಮನೆ ನೋಡಿದವರಿಗೆ ಇದು ಹೊಸದೇನಲ್ಲ. ಗಾಣದಿಂದ ಹೊರಬಿದ್ದ ಸಿಪ್ಪೆಯಿಂದಲೇ ಕೊಪ್ಪರಿಗೆಯ ಕೆಳಗೆ ಬೆಂಕಿ. ಸಕ್ಕರೆ ಕಾರ್ಖಾನೆಗಳಲ್ಲೂ ಅದೇ ಸಿಪ್ಪೆ ಸುಟ್ಟು ಉಗಿ ಎಬ್ಬಿಸುತ್ತಾರೆ, ಕರೆಂಟ್ ಸಹಿತ ತೆಗೆಯುತ್ತಾರೆ. ಯಾವುದನ್ನೂ ಕೆಡಿಸದೆ ಇದ್ದುದರಲ್ಲೇ ದಾರಿ ಹುಡುಕುವ ಜಾಣತನವನ್ನು ನಮ್ಮ ಹಿರಿಯರು ಆ ಕಥೆಯಲ್ಲಿ ದುಗ್ಗಳೆಯ ಕೈಗೆ ಕೊಟ್ಟಿದ್ದಾರೆ. ಮನೆಯ ಆಯ-ವ್ಯಯ ಬಲ್ಲವಳು ಆಕೆ. ದಾಸಿಮಯ್ಯನವರು ಒಪ್ಪಿ ಮದುವೆಯಾದರು.

ಮುಂದೆ ಇಬ್ಬರದೂ ಒಂದೇ ದಾರಿ: ದುಡಿಯುವುದು, ಬಂದವರಿಗೆ ಉಣಿಸುವುದು. ಇದಕ್ಕೆ ಶರಣರು ದಾಸೋಹ ಎಂದು ಹೆಸರಿಟ್ಟರು. ದಾಸೋಹ ಭಿಕ್ಷೆಯಲ್ಲ, ದಾನವೂ ಅಲ್ಲ. ಕೊಡುವವನು ತಾನು ದಾಸ, ತೆಗೆದುಕೊಳ್ಳುವವನು ದೊಡ್ಡವನು ಎಂಬ ಭಾವ ಅದರಲ್ಲಿ ಇರಬೇಕು. ನೇಯ್ಗೆ ಒಬ್ಬರ ಕೈಯಿಂದ ಆಗುವ ಕೆಲಸವಲ್ಲ ಎಂಬುದು ರಬಕವಿ, ಬನಹಟ್ಟಿ, ರಾಮಪುರದ ಮಂದಿಗೆ ನಾನು ಹೇಳಬೇಕಾದುದಿಲ್ಲ. ಹಾಸು ಹೂಡಬೇಕು, ಗಂಜಿ ಹಾಕಬೇಕು, ಕಂಡಿಕೆ ಸುತ್ತಬೇಕು. ಆಮೇಲೆ ಲಾಳಿ ಓಡುವುದು. ಕಂಡಿಕೆ ನಿಂತರೆ ಮಗ್ಗವೂ ನಿಂತಿತು. ಹಾಸಿಗೆ ಹೊಕ್ಕು ಕೂಡಿದರೆ ಬಟ್ಟೆ, ಇಲ್ಲದಿದ್ದರೆ ಬರೀ ನೂಲು. ಆ ಮನೆಯ ದಾಸೋಹವೂ ಹಾಗೆಯೇ. ದಾಸಿಮಯ್ಯನವರು ಹಾಸು, ದುಗ್ಗಳೆ ತಾಯಿ ಹೊಕ್ಕು.

ಒಮ್ಮೆ ದಾಸಿಮಯ್ಯನವರು ಬಹುಕಾಲ ಶ್ರಮಪಟ್ಟು ಒಂದು ಅಪರೂಪದ ಬಟ್ಟೆ ನೇಯ್ದು ಸಂತೆಗೆ ಒಯ್ದರು. ಅದಕ್ಕೆ ಬೆಲೆ ಕಟ್ಟುವವರೇ ಇಲ್ಲ. ಮಾರದೆ ತಿರುಗಿ ಬರುವಾಗ ದಾರಿಯಲ್ಲಿ ಚಳಿಗೆ ನಡುಗುವ ಮುಪ್ಪಿನ ಜಂಗಮನೊಬ್ಬ ಬಟ್ಟೆ ಬೇಡಿದ. ಮನೆಯಲ್ಲಿ ಕಾಳಿಲ್ಲ, ಈ ಬಟ್ಟೆಯೇ ನಾಳೆಯ ಕೂಳು. ಆದರೂ ಕೊಟ್ಟರು. ಆ ಜಂಗಮ ಕಣ್ಣೆದುರೇ ಅದನ್ನು ಚೂರು ಚೂರು ಹರಿದುಬಿಟ್ಟ! ಹಗಲು ರಾತ್ರಿ ಕಣ್ಣು ಬಿಟ್ಟು ನೇಯ್ದವನಿಗೆ ಆಗ ಏನಾಗಬೇಡ? ದಾಸಿಮಯ್ಯನವರು ಸಿಟ್ಟಾಗಲಿಲ್ಲ. ಕೊಟ್ಟ ಮೇಲೆ ಅದು ಅವರದು, ಏನು ಬೇಕಾದರೂ ಮಾಡಲಿ ಎಂದುಕೊಂಡು ಜಂಗಮನನ್ನು ಮನೆಗೇ ಕರೆತಂದರು. ಬರಿಗೈಲಿ ಬಂದ ಗಂಡನನ್ನೂ ಜೊತೆಗೆ ಬಂದ ಅತಿಥಿಯನ್ನೂ ದುಗ್ಗಳೆ ತಾಯಿ ಒಂದೇ ನಗುಮುಖದಿಂದ ಬರಮಾಡಿಕೊಂಡಳು. ಬಂದಿದ್ದವನು ಶಿವನೇ. ಮೆಚ್ಚಿ ಒಂದು ಹಿಡಿ ಅಕ್ಕಿ ಕೊಟ್ಟು, ಇದನ್ನು ಮನೆಯ ಕಾಳಿನಲ್ಲಿ ಬೆರೆಸಿರಿ, ಎಷ್ಟು ತೆಗೆದರೂ ತೀರದು ಎಂದು ಹರಸಿ ಹೋದನಂತೆ. ಅದಕ್ಕೇ ತವನಿಧಿ ಎನ್ನುತ್ತಾರೆ. ಮುಂದೆ ಬಸವಣ್ಣನವರು ಸಹಿತ ತಮ್ಮ ವಚನದಲ್ಲಿ ದಾಸಯ್ಯನ ಈ ಬಟ್ಟೆಯನ್ನೂ ತವನಿಧಿಯನ್ನೂ ನೆನೆದಿದ್ದಾರೆ.

ಅಲ್ಲಿಂದ ಈ ದಂಪತಿಯ ಹೆಸರು ದೂರದೂರಕ್ಕೆ ಹಬ್ಬಿತು. ಬೇಟೆಯಾಡಿ ಬದುಕುತ್ತಿದ್ದ ಅಡವಿಯ ಜನರಿಗೆ ದಾಸಿಮಯ್ಯನವರು ಗಾಣದಿಂದ ಎಣ್ಣೆ ತೆಗೆಯುವ ಕಸುಬು ಕಲಿಸಿ, ಕೊಲ್ಲುವುದನ್ನು ಬಿಡಿಸಿದರೆಂದು ಹೇಳುತ್ತಾರೆ. ಬರೀ ಬುದ್ಧಿ ಹೇಳಿ ಬಿಡಲಿಲ್ಲ, ಹೊಟ್ಟೆಗೆ ದಾರಿ ತೋರಿಸಿದರು; ಇದು ನಾವು ಗಮನಿಸಬೇಕಾದ ಮಾತು. ಕಲ್ಯಾಣದ ಚಾಲುಕ್ಯರ ಅರಸ ಇಮ್ಮಡಿ ಜಯಸಿಂಹ 1015ರಲ್ಲಿ ಪಟ್ಟಕ್ಕೆ ಬಂದವನು. ಅವನ ರಾಣಿ ಸುಗ್ಗಲದೇವಿ ದಾಸಿಮಯ್ಯನವರನ್ನು ಗುರುವೆಂದು ನಂಬಿದ್ದಳು ಎಂದು ಪುರಾಣಗಳು ಹೇಳುತ್ತವೆ. ಒಬ್ಬ ನೇಕಾರ ಅರಮನೆಗೆ ಹೋಗಿಬಂದ, ಆದರೆ ಮಗ್ಗ ಬಿಡಲಿಲ್ಲ.

ಇಲ್ಲಿಯವರೆಗಿನ ಕಥೆ ನಮ್ಮಲ್ಲಿ ಬಹಳ ಮಂದಿಗೆ ಗೊತ್ತು. ಇದರ ಮುಂದಿನದನ್ನು ಜಯಂತಿಯ ಭಾಷಣಗಳಲ್ಲಿ ಹೇಳುವುದು ಕಡಿಮೆ. ಮಹಾತ್ಮರ ತಪ್ಪನ್ನು ಯಾಕೆ ಎತ್ತಬೇಕೆಂಬ ಸಂಕೋಚ ಇರಬಹುದು. ಆದರೆ ನಮ್ಮ ಹಿರಿಯರು ಮುಚ್ಚಿಡಲಿಲ್ಲ, ಕಥೆಯಲ್ಲಿ ಉಳಿಸಿಯೇ ಕೊಟ್ಟಿದ್ದಾರೆ.

ಎಷ್ಟು ನೀಡಿದರೂ ತೀರದ ಕಾಳು ಮನೆಯಲ್ಲಿ ಕೂತಾಗ, ದಾಸಿಮಯ್ಯನವರಂಥವರ ಮನಸ್ಸಿನಲ್ಲೂ ಒಂದು ಸಣ್ಣ ಹಮ್ಮು ಹೊಕ್ಕಿತು. ಆಗ ಶಂಕರ ದಾಸಿಮಯ್ಯ ಎಂಬ ಇನ್ನೊಬ್ಬ ಹಿರಿಯ ಶರಣರು ಬಡತನದಲ್ಲಿ ಬಾಳುತ್ತಿದ್ದರು. ಪಾಪ, ಅವರಿಗೂ ನನ್ನ ತವನಿಧಿಯಿಂದ ಒಂದಿಷ್ಟು ಕೊಡೋಣ ಎಂದು ದಾಸಿಮಯ್ಯನವರಿಗೆ ಅನ್ನಿಸಿತು. ಕೊಡುವ ಬುದ್ಧಿ ಒಳ್ಳೆಯದೇ, ಆದರೆ ಪಾಪ ಎಂಬ ಮಾತೂ ನನ್ನ ಎಂಬ ಮಾತೂ ಅದರ ಜೊತೆಗೆ ಸೇರಿದ್ದವು. ಶಂಕರ ದಾಸಿಮಯ್ಯನವರ ಭಕ್ತಿಯ ಸಿರಿಯ ಮುಂದೆ ಆ ಕಾಳು ಏನೂ ಅಲ್ಲವೆಂದು ಅವರಿಗೆ ಅಲ್ಲಿಯೇ ತಿಳಿಯಿತು. ಇತ್ತ ಮನೆಯಲ್ಲಿ ತವನಿಧಿ ಬರಿದಾಗಿತ್ತು! ಒಬ್ಬೊಬ್ಬರು ಈ ಕಥೆಯನ್ನು ಒಂದೊಂದು ರೀತಿ ಹೇಳುತ್ತಾರೆ. ಸಾರ ಮಾತ್ರ ಇದೇ. ದಾಸಿಮಯ್ಯನವರು ತಪ್ಪನ್ನು ಅರಿತು ತಲೆಬಾಗಿದರು.

ತವನಿಧಿ ಕೊಟ್ಟದ್ದು ಶಿವ. ಅದು ಬಂದದ್ದು ಇಬ್ಬರ ದುಡಿಮೆಗೆ, ಇಬ್ಬರ ಸಹನೆಗೆ. ಕಾಳು ತೆಗೆದು ಅಟ್ಟು ಬಡಿಸಿದ್ದು ದುಗ್ಗಳೆಯ ಕೈ. ಅದರಲ್ಲಿ ಒಬ್ಬರು ನನ್ನದು ಎಂದ ಗಳಿಗೆಯಲ್ಲೇ ಅದು ಮಾಯವಾಯಿತು. ಬರ ಬಂದು ಬರಿದಾಗಲಿಲ್ಲ, ಕಳ್ಳರು ಒಯ್ಯಲಿಲ್ಲ. ಒಂದು ಮಾತಿನಿಂದ ಹೋಯಿತು. ಉಳಿದದ್ದು ಮಗ್ಗ, ಮತ್ತು ಮಗ್ಗದ ಎರಡು ಕಡೆ ಇಬ್ಬರು. ನಮ್ಮ ಸೀಮೆಯ ಮಂದಿ ಈ ದಂಪತಿಯನ್ನು ಇಂದಿಗೂ ನೆನೆಯುವುದು ತವನಿಧಿ ಇತ್ತೆಂದಲ್ಲ, ಅದು ಬರುವ ಮುಂಚೆಯೂ ಅವರು ಉಣಿಸುತ್ತಿದ್ದರು ಎಂದು.

ಗಂಡ-ಹೆಂಡತಿ ಕೂಡಿ ಮಾಡಿದ ಭಕ್ತಿಯೇ ಶಿವನಿಗೆ ಒಪ್ಪಿಗೆ ಎಂದು ದಾಸಿಮಯ್ಯನವರು ಸಾರಿದ್ದಾರೆ. ಒಳಗಿನ ಆತ್ಮಕ್ಕೆ ಗಂಡೆಂಬುದಿಲ್ಲ, ಹೆಣ್ಣೆಂಬುದಿಲ್ಲ ಎಂಬುದೂ ಅವರದೇ ವಿಚಾರ. ದುಗ್ಗಳೆ ತಾಯಿಯೂ ವಚನ ಬರೆದವರು ಎಂಬುದು ಎಷ್ಟು ಮಂದಿಗೆ ಗೊತ್ತು? ಅವರವು ನಮಗೆ ದೊರೆತಿರುವುದು ಎರಡೇ ವಚನ. ಅವುಗಳ ಅಂಕಿತದಲ್ಲಿ ಗಂಡನ ಹೆಸರೂ ಗಂಡನ ದೈವದ ಹೆಸರೂ ಕೂಡಿಕೊಂಡಿವೆ. ಒಂದರಲ್ಲಿ ಬಸವಣ್ಣನವರ ನೆನಪೂ ಬರುತ್ತದೆ. ಅದರಿಂದಲೇ ಕೆಲವು ವಿದ್ವಾಂಸರು ಈ ದಂಪತಿಯ ಕಾಲವನ್ನು ಈಚೆಗೆ ತರುತ್ತಾರೆ.

ಇವೆಲ್ಲ ಅಚ್ಚಾಗಿ ನಮ್ಮ ಕೈಗೆ ಬರಲು ಕಾರಣರಾದವರಲ್ಲಿ ಮೊದಲಿಗರು ವಿಜಯಪುರದ ಡಾ. ಫ.ಗು. ಹಳಕಟ್ಟಿಯವರು. ಅವರು ಊರೂರು ಅಲೆದು ತಾಡೋಲೆ ಕೂಡಿಸಿ 1923ರಲ್ಲಿ ವಚನಶಾಸ್ತ್ರಸಾರ ಹೊರತಂದರು. ಅದಕ್ಕೂ ಮುಂಚೆ 1912ರಲ್ಲಿ ಅಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕು ಕಟ್ಟಿದವರೂ ಅವರೇ. ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಶಿದ್ದನಗೌಡ ಪಾಟೀಲರು ಹಚ್ಚಿದ ಸಹಕಾರದ ದೀಪ ಹೀಗೆ ನಮ್ಮ ಸೀಮೆಗೂ ಬಂತು. ಒಂದು ಕೈಯಲ್ಲಿ ವಚನದ ಕಟ್ಟು, ಇನ್ನೊಂದು ಕೈಯಲ್ಲಿ ಸಹಕಾರಿ ಬ್ಯಾಂಕಿನ ಲೆಕ್ಕ! ಹಳಕಟ್ಟಿಯವರ ಮಟ್ಟಿಗೆ ಇವೆರಡೂ ಬೇರೆಯಾಗಿರಲಿಲ್ಲ ಎಂದು ನನ್ನ ನಂಬಿಕೆ. ದಾಸೋಹವೂ ಸಹಕಾರವೂ ಒಂದೇ ಬೇರಿನವು.

ಬಾಂಧವರೇ, ಸಂಘದ ಬಂಡವಾಳವೂ ಒಂದು ತವನಿಧಿಯೇ. ಹಿಡಿ ಹಿಡಿಯಾಗಿ ಹಾಕಿದ ಶೇರಿನ ಹಣ, ತಿರುಗಿ ತುಂಬಿದ ಸಾಲ, ಮತ್ತೊಬ್ಬರಿಗೆ ಹೊಸ ಸಾಲ. ಹೀಗೆ ತಿರುಗುತ್ತ ಇದ್ದರೆ ಅದು ತೀರುವುದಿಲ್ಲ. ಆಡಳಿತ ಮಂಡಳಿಯವರಾಗಲಿ, ಸಾಲಗಾರರಾಗಲಿ, ಯಾರಾದರೊಬ್ಬರು ಇದು ನನ್ನದು ಎಂದರೆ ಅಂದೇ ಗಡಿಗೆ ಬರಿದು. ಸಾಲ ಕೊಡುವಾಗ ಪಾಪ ಎಂದು ಕೊಡುವುದೂ ಬೇಡ. ತೆಗೆದುಕೊಳ್ಳುವ ಸದಸ್ಯನೇ ಸಂಘದ ಮಾಲೀಕ.

ಇನ್ನೊಂದು ಮಾತು ಹೇಳದಿದ್ದರೆ ದುಗ್ಗಳೆ ತಾಯಿಗೆ ಅನ್ಯಾಯ ಮಾಡಿದಂತೆ. ನಮ್ಮ ಮನೆಗಳಲ್ಲಿ ಕಂಡಿಕೆ ಸುತ್ತುವವರು ಯಾರು, ಕಬ್ಬಿನ ಗದ್ದೆಯ ಕಳೆ ತೆಗೆಯುವವರು ಯಾರು, ಸಾಲದ ಕಂತು ಬಂತೆಂದರೆ ಡಬ್ಬಿಯ ತಳದಿಂದ ಗಂಟು ಬಿಚ್ಚುವವರು ಯಾರು? ಅವರ ಹೆಸರು ಸಂಘದ ಸದಸ್ಯರ ಪುಸ್ತಕದಲ್ಲಿ ಎಷ್ಟು ಇವೆ? ಆಡಳಿತ ಮಂಡಳಿಯಲ್ಲಿ ತಾಯಂದಿರಿಗೆ ಜಾಗ ಇರಲೇಬೇಕೆಂದು ಕಾಯ್ದೆ ಹೇಳುತ್ತದೆ. ಆದರೆ ಸಭೆಗೆ ಗಂಡ ಬಂದು, ಹೆಂಡತಿಯ ಸಹಿ ಮನೆಯಿಂದ ತರಿಸಿದರೆ ಅದು ದಾಸಿಮಯ್ಯನವರ ದಾರಿಯಲ್ಲ. ದಾಸಿಮಯ್ಯನವರ ಜಯಂತಿಯನ್ನು ಸರ್ಕಾರವೂ ಆಚರಿಸುತ್ತದೆ, ನಾವೂ ಭಾವಚಿತ್ರಕ್ಕೆ ಮಾಲೆ ಹಾಕುತ್ತೇವೆ. ಇನ್ನು ಮುಂದೆ ಆ ಮಾಲೆ ಹಾಕುವಾಗ ಪಕ್ಕದಲ್ಲಿ ದುಗ್ಗಳೆ ತಾಯಿಯ ಹೆಸರನ್ನೂ ಕೂಗೋಣ. ಬೆಳ್ಳಿಹಬ್ಬದ ಈ ವರ್ಷ ಪ್ರತಿಯೊಬ್ಬ ಸದಸ್ಯರು ತಮ್ಮ ಮನೆಯ ಒಬ್ಬ ಹೆಣ್ಣುಮಗಳನ್ನಾದರೂ ಅವರದೇ ಹೆಸರಿನಲ್ಲಿ ಸದಸ್ಯಳಾಗಿ ಮಾಡಿದರೆ ಈ ದಂಪತಿಗೆ ಅದಕ್ಕಿಂತ ದೊಡ್ಡ ಪೂಜೆ ಇಲ್ಲ.

ಹಾಸು ಹೊಕ್ಕು ಕೂಡಿ ನೇಯ್ದ ಬಟ್ಟೆ ಬಾಳಿಕೆ ಬರುತ್ತದೆ. ಸಂಘವೂ ಹಾಗೇ ಬಾಳಲಿ, ಬಂಗಾರದ ಹಬ್ಬ ಕಾಣಲಿ.