ಬರ್ಟ್ರಮ್ ಹಾಪ್ಕಿನ್ಸನ್: ಲೋಹಕ್ಕೆ ಬಿದ್ದ ಪೆಟ್ಟನ್ನು ಅಳೆದವರು

ಬರ್ಟ್ರಮ್ ಹಾಪ್ಕಿನ್ಸನ್ 1874ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟಿದರು. ತಂದೆ ಜಾನ್ ಹಾಪ್ಕಿನ್ಸನ್ ಹೆಸರಾಂತ ಎಂಜಿನಿಯರ್. ನೇತುಹಾಕಿದ ಕಬ್ಬಿಣದ ತಂತಿಯ ಕೆಳತುದಿಗೆ ಭಾರವನ್ನು ಬೀಳಿಸಿದಾಗ, ತಂತಿಯು ಏಟು ಬಿದ್ದಲ್ಲಿ ಮಾತ್ರವಲ್ಲ, ಮೇಲೆ ಬಿಗಿದ ತುದಿಯಲ್ಲೂ ತುಂಡಾಗುವುದನ್ನು ಅವರು 1872ರಲ್ಲೇ ತೋರಿಸಿದ್ದರು.

ಮಗ ಹಿಡಿದದ್ದು ವಕೀಲಿ ವೃತ್ತಿ. ಆದರೆ 1898ರ ಆಗಸ್ಟ್ 27ರಂದು ಸ್ವಿಟ್ಜರ್ಲೆಂಡಿನಲ್ಲಿ ಬೆಟ್ಟ ಹತ್ತುವಾಗ ತಂದೆಯೂ ಒಡಹುಟ್ಟಿದ ಮೂವರೂ ಒಟ್ಟಿಗೇ ತೀರಿಕೊಂಡರು. 24 ವರ್ಷದ ಬರ್ಟ್ರಮ್ ಕಾನೂನು ಬಿಟ್ಟು ತಂದೆಯ ಕೆಲಸವನ್ನು ಕೈಗೆತ್ತಿಕೊಂಡರು. 1903ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು.

ಉಕ್ಕಿನ ದಪ್ಪ ಹಲಗೆಯ ಒಂದು ಮುಖಕ್ಕೆ ಸಿಡಿಮದ್ದು ಇಟ್ಟು ಅವರು ಸಿಡಿಸಿದರು. ಹಲಗೆ ತೂತಾಗಲಿಲ್ಲ. ಹಿಂಬದಿಯಿಂದ ಒಂದು ಬಿಲ್ಲೆ ಕಿತ್ತು ಹಾರಿತು! ಇದು ಹೇಗೆ? ಸಾಲಾಗಿ ತಾಗಿಸಿಟ್ಟ ಕೇರಂ ಕಾಯಿಗಳಲ್ಲಿ ಮೊದಲನೆಯದಕ್ಕೆ ಹೊಡೆದರೆ ಕೊನೆಯದು ಚಿಮ್ಮುತ್ತದೆ. ಲೋಹದಲ್ಲೂ ಒತ್ತಡದ ಅಲೆ ಹಿಂಬದಿಯ ಮುಖವನ್ನು ಮುಟ್ಟುತ್ತದೆ. ಅಲ್ಲಿನ ಪದರ ಚಿಮ್ಮಲು ಹೊರಟಾಗ ತನಗೆ ಅಂಟಿರುವ ಲೋಹವನ್ನೂ ಎಳೆಯುತ್ತದೆ. ಒತ್ತುತ್ತ ಹೋದ ಅಲೆ ಎಳೆಯುತ್ತ ಹಿಂತಿರುಗುತ್ತದೆ. ಆ ಎಳೆತ ತಾಳದೆ ಲೋಹ ಒಳಗೇ ಸೀಳುತ್ತದೆ. ಆದ್ದರಿಂದಲೇ ತೂತಾಗದ ಉಕ್ಕಿನ ಕವಚದ ಹಿಂದೆ ಇರುವವರಿಗೂ ಪ್ರಾಣಾಪಾಯ ತಪ್ಪಿದ್ದಲ್ಲ.

ಸೆಕೆಂಡಿನ ಲಕ್ಷದಲ್ಲಿ ಕೆಲವೇ ಪಾಲು ಹೊತ್ತು ಇರುವ ಇಂಥ ಪೆಟ್ಟನ್ನು ಅಳೆಯಲು ಅವರು ಉದ್ದನೆಯ ಉಕ್ಕಿನ ಸರಳೊಂದನ್ನು ಬಳಸಿದರು. ಅದರ ತುದಿಗೆ ತಾಗಿಸಿಟ್ಟ ಚಿಕ್ಕ ತುಂಡು ಎಷ್ಟು ವೇಗದಿಂದ ಹಾರಿತು ಎಂಬುದರಿಂದ ಪೆಟ್ಟಿನ ಬಲವನ್ನು ಲೆಕ್ಕ ಹಾಕಿದರು. 1914ರಲ್ಲಿ ಇದನ್ನು ಪ್ರಕಟಿಸಿದರು.

ಸೀಳು ಮೊದಲು ಬಿಡುವುದೆಲ್ಲಿ ಎಂಬುದನ್ನು ಮುಂದಿನವರು ಸೂಕ್ಷ್ಮದರ್ಶಕದಲ್ಲಿ ಹುಡುಕಿದರು. ಉಕ್ಕು ಕಣ್ಣಿಗೆ ಒಂದೇ ಸಮನೆ ಕಂಡರೂ ಒಳಗೆ ಅದು ಸಣ್ಣ ಸಣ್ಣ ಹರಳುಗಳ ಜೋಡಣೆ. ಹರಳುಗಳು ಕೂಡುವ ಅಂಚಿನಲ್ಲಿ, ನಡುವೆ ಸಿಕ್ಕಿಕೊಂಡ ಕಲ್ಮಶದ ಕಣಗಳ ಸುತ್ತ, ಮೊದಲು ಸೂಕ್ಷ್ಮ ಪೊಳ್ಳುಗಳು ಬಾಯಿಬಿಡುತ್ತವೆ. ಬೆಳೆದು ಒಂದಕ್ಕೊಂದು ಕೂಡಿದಾಗ ಪದರವೇ ಕಳಚುತ್ತದೆ. ಹಾಗಾಗಿ ಒಂದೇ ಬಗೆಯ ಉಕ್ಕಿನ ಎರಡು ಹಲಗೆಗಳೂ, ಕಾಯಿಸಿ ತಣಿಸಿದ ರೀತಿ ಬೇರೆಯಾದರೆ, ಒಂದೇ ಪೆಟ್ಟಿಗೆ ಬೇರೆ ಬೇರೆಯಾಗಿ ಒಡೆಯಬಹುದು.

ಮೊದಲ ಮಹಾಯುದ್ಧದಲ್ಲಿ ವಿಮಾನಗಳ ಸಂಶೋಧನೆಗೆ ಇಳಿದ ಹಾಪ್ಕಿನ್ಸನ್ ನಲವತ್ತು ದಾಟಿದ ಮೇಲೆ ತಾವೇ ವಿಮಾನ ಹಾರಿಸಲು ಕಲಿತರು. 1918ರ ಆಗಸ್ಟ್ 26ರಂದು ಒಬ್ಬರೇ ಲಂಡನ್ನಿಗೆ ಹೊರಟಿದ್ದಾಗ ವಿಮಾನ ಅಪಘಾತದಲ್ಲಿ ಅಸುನೀಗಿದರು. ವಯಸ್ಸು 44. ತಂದೆ ತೀರಿಕೊಂಡು 20 ವರ್ಷ ತುಂಬಲು ಒಂದೇ ದಿನ ಬಾಕಿ ಇತ್ತು.

ಅವರ ಸರಳನ್ನು 1949ರಲ್ಲಿ ಕೋಲ್ಸ್ಕಿ ಎಂಬ ವಿಜ್ಞಾನಿ ಎರಡಾಗಿಸಿ, ನಡುವೆ ಲೋಹದ ತುಣುಕನ್ನಿಟ್ಟು ಪರೀಕ್ಷಿಸುವ ಕ್ರಮ ತಂದರು. ಇಂದು ನಮ್ಮ ದೇಶದ ಪ್ರಯೋಗಾಲಯಗಳಲ್ಲೂ ಅದು ಹಾಪ್ಕಿನ್ಸನ್ ಹೆಸರಿನಲ್ಲೇ ಕೆಲಸ ಮಾಡುತ್ತಿದೆ.