ಬಿ. ಜಿ. ಎಲ್. ಸ್ವಾಮಿ

ಬೆಂಗಳೂರು ಗುಂಡಪ್ಪ ಲಕ್ಷ್ಮೀನಾರಾಯಣ ಸ್ವಾಮಿ (5 ಫೆಬ್ರವರಿ 1918 – 2 ನವೆಂಬರ್ 1980) ಕನ್ನಡನಾಡಿನ ಹೆಸರಾಂತ ಸಸ್ಯವಿಜ್ಞಾನಿ, ಅಧ್ಯಾಪಕ ಹಾಗೂ ಸಾಹಿತಿ. ಬಿ. ಜಿ. ಎಲ್. ಸ್ವಾಮಿ ಎಂಬ ಹೆಸರಿನಿಂದಲೇ ಇವರು ಪ್ರಸಿದ್ಧರು. ಹೂಬಿಡುವ ಸಸ್ಯಗಳ ಅಂಗರಚನಾಶಾಸ್ತ್ರ ಮತ್ತು ಭ್ರೂಣಶಾಸ್ತ್ರ ಇವರ ಸಂಶೋಧನೆಯ ಕ್ಷೇತ್ರಗಳು. ಸಸ್ಯದ ಜೀವಕೋಶಗಳು ವಿಭಜನೆಗೊಳ್ಳುವ ಕ್ರಮ, ಅವುಗಳ ಭಿತ್ತಿಯ ರಚನೆ ಹಾಗೂ ಅವು ವಹಿಸುವ ಕಾರ್ಯ ಇವುಗಳನ್ನು ಸೂಕ್ಷ್ಮದರ್ಶಕದಲ್ಲಿ ಪರಿಶೀಲಿಸಿ, ಆ ಆಧಾರದಿಂದ ಸಸ್ಯಕುಲಗಳ ಪರಸ್ಪರ ಸಂಬಂಧವನ್ನು ವಿವೇಚಿಸುವುದು ಇವರ ವಿಧಾನವಾಗಿತ್ತು. ಇವರ ‘ಹಸುರು ಹೊನ್ನು’ ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು.

ಜನನ ಮತ್ತು ವಿದ್ಯಾಭ್ಯಾಸ

ಸ್ವಾಮಿಯವರು ಬೆಂಗಳೂರಿನಲ್ಲಿ ಜನಿಸಿದರು. ತಂದೆ ‘ಮಂಕುತಿಮ್ಮನ ಕಗ್ಗ’ದ ಕರ್ತೃ ಡಿ. ವಿ. ಗುಂಡಪ್ಪನವರು, ತಾಯಿ ಭಾಗೀರಥಮ್ಮನವರು. ಬಾಲ್ಯದಲ್ಲಿಯೇ ಇವರು ತಾಯಿಯನ್ನು ಕಳೆದುಕೊಂಡರು. ತಂದೆಯವರದು ಪತ್ರಿಕೆ, ಸಾಹಿತ್ಯ ಮತ್ತು ಸಾರ್ವಜನಿಕ ಜೀವನದ ಲೋಕ. ಮನೆಗೆ ವಿದ್ವಾಂಸರು ಬಂದುಹೋಗುತ್ತಿದ್ದರು. ಇಂಥ ವಾತಾವರಣದಲ್ಲಿ ಬೆಳೆದರೂ ಮಗನ ಒಲವು ಗಿಡಮರಗಳ ಕಡೆಗೆ ಹರಿಯಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಸಸ್ಯಶಾಸ್ತ್ರವನ್ನು ಅಭ್ಯಾಸಮಾಡಿ 1939ರಲ್ಲಿ ಬಿ.ಎಸ್ಸಿ. ಆನರ್ಸ್ ಪದವಿ ಪಡೆದರು. ಮುಂದೆ ತಮ್ಮ ಸಂಶೋಧನೆಗಾಗಿ ಮೈಸೂರು ವಿಶ್ವವಿದ್ಯಾನಿಲಯದ ಡಿ.ಎಸ್ಸಿ. ಪದವಿಗೆ ಪಾತ್ರರಾದರು.

ಸಂಶೋಧನೆಯ ಹಿನ್ನೆಲೆ: ಜೀವಕೋಶ

ಸ್ವಾಮಿಯವರ ಕೆಲಸವನ್ನು ತಿಳಿಯಲು ಜೀವಕೋಶದ ಕುರಿತ ಕೆಲವು ಮೂಲ ಸಂಗತಿಗಳು ಅವಶ್ಯ. ಎಲ್ಲ ಜೀವಿಗಳ ದೇಹವೂ ಒಂದು ಅಥವಾ ಅನೇಕ ಜೀವಕೋಶಗಳಿಂದ ಆಗಿದೆ. 1665ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಬೆಂಡಿನ ತೆಳುಸೀಳಿನಲ್ಲಿ ಚಿಕ್ಕ ಚಿಕ್ಕ ಕೋಣೆಗಳನ್ನು ಕಂಡನು. ಅವು ಜೀವ ಕಳೆದುಕೊಂಡ ಕೋಶಗಳ ಬರಿಯ ಭಿತ್ತಿಗಳಾಗಿದ್ದವು. 1831ರಲ್ಲಿ ರಾಬರ್ಟ್ ಬ್ರೌನ್ ಆರ್ಕಿಡ್ ಗಿಡಗಳನ್ನು ಪರೀಕ್ಷಿಸುತ್ತಿದ್ದಾಗ ಕೋಶದೊಳಗಿನ ದುಂಡನೆಯ ಕೋಶಕೇಂದ್ರವನ್ನು ಗುರುತಿಸಿ ಅದಕ್ಕೆ ಹೆಸರಿಟ್ಟನು. 1838 ಮತ್ತು 1839ರಲ್ಲಿ ಜರ್ಮನಿಯ ಶ್ಲೈಡೆನ್ ಮತ್ತು ಶ್ವಾನ್ ಕ್ರಮವಾಗಿ ಸಸ್ಯಗಳೂ ಪ್ರಾಣಿಗಳೂ ಕೋಶಗಳಿಂದಲೇ ರಚಿತವಾಗಿವೆ ಎಂದು ಪ್ರತಿಪಾದಿಸಿದರು. ಹೊಸ ಕೋಶವು ಇರುವ ಕೋಶದ ವಿಭಜನೆಯಿಂದ ಮಾತ್ರವೇ ಹುಟ್ಟುತ್ತದೆ ಎಂಬ ತತ್ತ್ವವು 1850ರ ದಶಕದಲ್ಲಿ ರುಡಾಲ್ಫ್ ವಿರ್ಕೋನಿಂದ ಪ್ರಚಾರಕ್ಕೆ ಬಂದಿತು.

ಸಸ್ಯಕೋಶದ ಹೊರಗೆ ಸೆಲ್ಯುಲೋಸಿನಿಂದಾದ ಗಟ್ಟಿ ಕೋಶಭಿತ್ತಿಯಿದೆ, ಪ್ರಾಣಿಕೋಶಕ್ಕೆ ಇದಿಲ್ಲ. ಭಿತ್ತಿಯ ಒಳಬದಿಯಲ್ಲಿರುವ ತೆಳುವಾದ ಕೋಶಪೊರೆಯು ಯಾವ ವಸ್ತು ಒಳಗೆ ಬರಬೇಕು, ಯಾವುದು ಹೊರಗೆ ಹೋಗಬೇಕು ಎಂಬುದನ್ನು ನಿಯಂತ್ರಿಸುತ್ತದೆ. ಒಳಗಿನ ಕೋಶದ್ರವ್ಯದಲ್ಲಿ ಕೋಶಕೇಂದ್ರವಿದ್ದು, ಅದರಲ್ಲಿ ಆನುವಂಶಿಕ ಗುಣಗಳನ್ನು ಹೊತ್ತ ವರ್ಣತಂತುಗಳಿವೆ. ಎಲೆಯ ಕೋಶಗಳ ಕ್ಲೋರೋಪ್ಲಾಸ್ಟುಗಳು ಬಿಸಿಲಿನ ನೆರವಿನಿಂದ ಆಹಾರವನ್ನು ತಯಾರಿಸುತ್ತವೆ. ಮೈಟೋಕಾಂಡ್ರಿಯಗಳು ಆಹಾರದಿಂದ ಶಕ್ತಿಯನ್ನು ಬಿಡುಗಡೆ ಮಾಡುತ್ತವೆ. ಬೆಳೆದ ಸಸ್ಯಕೋಶದ ನಡುವೆ ನೀರು, ಲವಣ ಮೊದಲಾದುವನ್ನು ತುಂಬಿಕೊಂಡ ದೊಡ್ಡ ರಸದಾನಿಯಿರುತ್ತದೆ. ನೀರು ಕಡಿಮೆಯಾದಾಗ ಇದು ಕುಗ್ಗುವುದರಿಂದಲೇ ಎಲೆ ಬಾಡುತ್ತದೆ.

ಸಸ್ಯಕೋಶಗಳ ಅಳತೆ ಸಾಮಾನ್ಯವಾಗಿ ಮಿಲಿಮೀಟರಿನ ನೂರರಲ್ಲೊಂದು ಭಾಗದಿಂದ ಹತ್ತರಲ್ಲೊಂದು ಭಾಗದಷ್ಟು. ಸ್ವಾಮಿಯವರ ಕಾಲದ ಸಸ್ಯಭ್ರೂಣಶಾಸ್ತ್ರಜ್ಞರು ಹೆಚ್ಚಾಗಿ ಬೆಳಕಿನ ಸೂಕ್ಷ್ಮದರ್ಶಕವನ್ನೇ ಅವಲಂಬಿಸಿದ್ದರು. ಹೂವಿನ ಭಾಗವನ್ನು ರಾಸಾಯನಿಕದಲ್ಲಿ ಕೆಡದಂತೆ ಇರಿಸಿ, ಮೇಣದಲ್ಲಿ ಹುದುಗಿಸಿ, ಮೈಕ್ರೋಟೋಮ್ ಯಂತ್ರದಿಂದ ತೆಳುಸೀಳುಗಳಾಗಿ ಕತ್ತರಿಸಿ, ಬಣ್ಣ ಕಟ್ಟಿ, ಒಂದೊಂದಾಗಿ ನೋಡಿ ಚಿತ್ರ ಬರೆದುಕೊಳ್ಳಬೇಕಾಗಿತ್ತು. ಒಂದು ಭ್ರೂಣದ ಬೆಳವಣಿಗೆಯನ್ನು ಅರಿಯಲು ಬೇರೆ ಬೇರೆ ವಯಸ್ಸಿನ ಹೂಗಳಿಂದ ಇಂಥ ಬಹು ಸೀಳುಗಳನ್ನು ಸಿದ್ಧಪಡಿಸಿ, ಅನುಕ್ರಮವಾಗಿ ಜೋಡಿಸಿ ನೋಡುವುದು ಅನಿವಾರ್ಯವಾಗಿತ್ತು.

ಆರ್ಕಿಡ್‌ಗಳ ಭ್ರೂಣ

ಸ್ವಾಮಿಯವರಿಗೆ ವಿದ್ವತ್‌ಲೋಕದಲ್ಲಿ ಮೊದಲು ಹೆಸರು ತಂದದ್ದು ಆರ್ಕಿಡ್ ಕುಟುಂಬದ ಭ್ರೂಣಶಾಸ್ತ್ರೀಯ ಅಧ್ಯಯನ. ಹೂಬಿಡುವ ಸಸ್ಯಗಳ ಅಂಡಕದಲ್ಲಿ ಒಂದು ಕೋಶವು ಮಿಯಾಸಿಸ್ ಎಂಬ ವಿಭಜನೆಗೊಳಗಾಗಿ, ವರ್ಣತಂತುಗಳ ಸಂಖ್ಯೆ ಅರ್ಧಕ್ಕಿಳಿದ 4 ಕೋಶಗಳಾಗುತ್ತವೆ. ಬಹುಪಾಲು ಸಸ್ಯಗಳಲ್ಲಿ ಅವುಗಳ ಪೈಕಿ ಒಂದು ಮಾತ್ರ ಉಳಿಯುತ್ತದೆ. ಅದರ ಕೋಶಕೇಂದ್ರವು ಮೂರು ಬಾರಿ ವಿಭಜನೆಗೊಂಡು 8 ಕೋಶಕೇಂದ್ರಗಳೂ 7 ಕೋಶಗಳೂ ಇರುವ ಭ್ರೂಣಚೀಲವಾಗುತ್ತದೆ. ಪರಾಗನಾಳವು ತಂದ ಎರಡು ಗಂಡು ಲಿಂಗಾಣುಗಳಲ್ಲಿ ಒಂದು ಅಂಡದೊಡನೆ ಕೂಡಿ ಭ್ರೂಣಕ್ಕೆ ಮೂಲವಾಗುತ್ತದೆ. ಇನ್ನೊಂದು ನಡುವಿನ ಕೋಶದೊಡನೆ ಕೂಡಿ ಭ್ರೂಣಾಹಾರಕ್ಕೆ ಮೂಲವಾಗುತ್ತದೆ. ಇದಕ್ಕೆ ದ್ವಿನಿಷೇಚನ ಎಂದು ಹೆಸರು.

ಈ ಭ್ರೂಣಾಹಾರದ ಗತಿ ಎಲ್ಲ ಗಿಡಗಳಲ್ಲೂ ಒಂದೇ ಅಲ್ಲ. ಬಯಲುಸೀಮೆಯ ಹೊಲಗಳ ಬೆಳೆಗಳಲ್ಲಿಯೇ ಇದನ್ನು ಕಾಣಬಹುದು. ಹರಳುಬೀಜದಲ್ಲಿ ಭ್ರೂಣಾಹಾರವು ಬೀಜ ಬಲಿತ ಮೇಲೂ ಉಳಿಯುತ್ತದೆ. ಹರಳೆಣ್ಣೆ ಬರುವುದು ಮುಖ್ಯವಾಗಿ ಅದರಿಂದಲೇ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳ ಪ್ರಧಾನ ಬೆಳೆಯಾದ ಶೇಂಗಾದಲ್ಲಿ ಬೆಳೆಯುವ ಭ್ರೂಣವು ಅದನ್ನು ಬಳಸಿಕೊಂಡುಬಿಡುತ್ತದೆ. ನಾವು ತಿನ್ನುವ ಎರಡು ಬೇಳೆಗಳು ಭ್ರೂಣದ ಬೀಜದಳಗಳೇ. ಆ ಬೀಜದಳಗಳ ಒಂದೊಂದು ಕೋಶದಲ್ಲಿಯೂ ಎಣ್ಣೆಯ ಹನಿಗಳು, ಪ್ರೋಟೀನಿನ ಕಣಗಳು ಮತ್ತು ಪಿಷ್ಟದ ಹರಳುಗಳು ತುಂಬಿರುತ್ತವೆ. ಬೀಜದ ತೂಕದಲ್ಲಿ ಸುಮಾರು ಅರ್ಧದಷ್ಟು ಎಣ್ಣೆಯೇ. ಚಳ್ಳಕೆರೆಗೆ ಎಣ್ಣೆನಗರವೆಂಬ ಹೆಸರು ಬಂದುದಕ್ಕೆ ಕಾರಣವಾದ ಗಿರಣಿಗಳು ಹಿಂಡುವುದು ಈ ಕೋಶಗಳಲ್ಲಿ ಸಂಗ್ರಹವಾದ ಹನಿಗಳನ್ನು. ಶಾಲೆಯ ಪ್ರಯೋಗಾಲಯದಲ್ಲಿ ಬೇಳೆಯ ತೆಳುಸೀಳಿಗೆ ಅಯೋಡಿನ್ ದ್ರಾವಣವನ್ನು ಹಾಕಿದರೆ ಪಿಷ್ಟವು ಕಪ್ಪುನೀಲಿಗೆ ತಿರುಗುವುದನ್ನು ವಿದ್ಯಾರ್ಥಿಗಳು ನೋಡಬಹುದು.

ಆರ್ಕಿಡ್ ಇವೆರಡಕ್ಕಿಂತ ಭಿನ್ನ. ಅದರಲ್ಲಿ ಭ್ರೂಣಾಹಾರವು ಬೆಳೆಯುವುದೇ ಇಲ್ಲ, ಇಲ್ಲವೇ ಆರಂಭದಲ್ಲಿಯೇ ನಶಿಸುತ್ತದೆ. ಬೀಜ ಧೂಳಿನಷ್ಟು ಸಣ್ಣದು; ಅದರೊಳಗಿನ ಭ್ರೂಣವು ಸಾಮಾನ್ಯವಾಗಿ ಬೇರು, ಕಾಂಡ, ಬೀಜದಳಗಳೆಂದು ವಿಂಗಡವಾಗದ ಕೆಲವೇ ಕೋಶಗಳ ಮುದ್ದೆ. ಆಹಾರದ ಬುತ್ತಿಯಿಲ್ಲದ ಈ ಬೀಜವು ನಿಸರ್ಗದಲ್ಲಿ ಮೊಳೆಯಬೇಕಾದರೆ ಶಿಲೀಂಧ್ರದ ನೆರವು ಬೇಕು. ಸ್ವಾಮಿಯವರು ಅನೇಕ ಆರ್ಕಿಡ್ ಜಾತಿಗಳಲ್ಲಿ ಭ್ರೂಣಚೀಲದ ರಚನೆಯನ್ನೂ, ಯುಗ್ಮಜದ ಮೊದಲ ವಿಭಜನೆಗಳನ್ನೂ, ಭ್ರೂಣವನ್ನು ಹಿಡಿದಿರುವ ತಂತುವಿನ ನಾನಾ ರೂಪಗಳನ್ನೂ ಹೋಲಿಸಿದರು. ಈ ಅಧ್ಯಯನದ ಫಲಿತಗಳನ್ನು ಒಟ್ಟುಗೂಡಿಸಿದ ಎರಡು ಪ್ರಬಂಧಗಳು 1949ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಪ್ರಕಟವಾದವು. ಆರ್ಕಿಡ್ ಭ್ರೂಣಶಾಸ್ತ್ರದ ಮುಂದಿನ ಬರಹಗಳಲ್ಲಿ ಇವು ಮತ್ತೆ ಮತ್ತೆ ಉಲ್ಲೇಖಗೊಂಡಿವೆ.

ಹಾರ್ವರ್ಡಿನಲ್ಲಿ

1940ರ ದಶಕದ ಕೊನೆಯ ವರ್ಷಗಳಲ್ಲಿ ಸ್ವಾಮಿಯವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಪ್ರೊಫೆಸರ್ ಇರ್ವಿಂಗ್ ಬೈಲಿಯವರೊಡನೆ ಸಂಶೋಧನೆ ನಡೆಸಿದರು. ಹೂಬಿಡುವ ಸಸ್ಯಗಳಲ್ಲಿ ಅತ್ಯಂತ ಪ್ರಾಚೀನ ಲಕ್ಷಣಗಳನ್ನು ಉಳಿಸಿಕೊಂಡಿರುವುವು ಯಾವುವು ಎಂಬುದು ಅಲ್ಲಿನ ಮುಖ್ಯ ಪ್ರಶ್ನೆ. ಇದಕ್ಕೆ ಉತ್ತರವನ್ನು ಅವರು ಹುಡುಕಿದ್ದು ನೀರನ್ನು ಸಾಗಿಸುವ ಕೋಶಗಳಲ್ಲಿ.

ಬೇರು ಹೀರಿದ ನೀರನ್ನು ಎಲೆಗೆ ಮುಟ್ಟಿಸುವ ಅಂಗಾಂಶಕ್ಕೆ ಕ್ಸೈಲಂ ಎಂದು ಹೆಸರು. ಅದರ ಕೋಶಗಳಲ್ಲಿ ಎರಡು ಬಗೆ. ಟ್ರೇಕೀಡುಗಳು ತುದಿ ಮುಚ್ಚಿದ ಉದ್ದನೆಯ ಕೋಶಗಳು. ನೀರು ಒಂದರಿಂದ ಇನ್ನೊಂದಕ್ಕೆ ಭಿತ್ತಿಯಲ್ಲಿರುವ ತೆಳುವಾದ ಕುಳಿಗಳ ಮೂಲಕ ಸಾಗಬೇಕು. ನಾಳದ ಕೋಶಗಳಲ್ಲಾದರೋ ತುದಿಯ ಭಿತ್ತಿ ತೂತಾಗಿರುವುದರಿಂದ ಅವು ಸಾಲಾಗಿ ಸೇರಿ ಕೊಳವೆಯಾಗುತ್ತವೆ. ಈ ಎರಡು ಬಗೆಯ ಕೋಶಗಳೂ ತಮ್ಮ ಒಳಗಿನ ಜೀವದ್ರವ್ಯವನ್ನು ಕಳೆದುಕೊಂಡು ಸತ್ತ ಬಳಿಕವೇ ತಮ್ಮ ಕೆಲಸಕ್ಕೆ ಯೋಗ್ಯವಾಗುತ್ತವೆ. ಹೂಬಿಡುವ ಬಹುತೇಕ ಸಸ್ಯಗಳಲ್ಲಿ ನಾಳಗಳಿವೆ. ಬೆರಳೆಣಿಕೆಯ ಕುಲಗಳಲ್ಲಿ ಇಲ್ಲ.

ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯ ದ್ವೀಪದಲ್ಲಿ ಮಾತ್ರ ಬೆಳೆಯುವ ಆಂಬೊರೆಲ್ಲ ಎಂಬ ಪೊದೆಯು ನಾಳಗಳಿಲ್ಲದ ಹೊಸದೊಂದು ಮಾದರಿಯ ಸಸ್ಯವೆಂದು ಬೈಲಿ ಮತ್ತು ಸ್ವಾಮಿಯವರು 1948ರಲ್ಲಿ ನಿರೂಪಿಸಿದರು. ಅಂದು ಕೆಲವೇ ತಜ್ಞರ ಗಮನ ಸೆಳೆದಿದ್ದ ಈ ಗಿಡ ಅರ್ಧ ಶತಮಾನದ ಬಳಿಕ ಲೋಕಪ್ರಸಿದ್ಧವಾಯಿತು. 1999ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನಗಳು ಹೂಬಿಡುವ ಸಸ್ಯಗಳ ವಂಶವೃಕ್ಷದಲ್ಲಿ ಉಳಿದೆಲ್ಲವುಗಳಿಗಿಂತ ಮೊದಲೇ ಕವಲೊಡೆದದ್ದು ಆಂಬೊರೆಲ್ಲದ ಶಾಖೆಯೆಂದು ತೋರಿಸಿದವು. ಕೋಶಗಳ ಭಿತ್ತಿಯನ್ನು ನೋಡಿ ಈ ಗಿಡದ ವೈಶಿಷ್ಟ್ಯವನ್ನು ಎತ್ತಿ ಹೇಳಿದವರಲ್ಲಿ ಸ್ವಾಮಿಯವರೂ ಒಬ್ಬರು.

1950ರಲ್ಲಿ ಇವರಿಬ್ಬರೂ ಸಾರ್ಕಾಂಡ್ರ ಎಂಬ ಕುಲವನ್ನೂ ನಾಳರಹಿತವೆಂದು ವರ್ಣಿಸಿದರು. ಈ ಕುಲದ ದಕ್ಷಿಣ ಭಾರತದ ಸಸ್ಯವೊಂದಕ್ಕೆ ಸ್ವಾಮಿಯವರು ಗುರುವಿನ ಹೆಸರು ಸೇರಿಸಿ ಸಾರ್ಕಾಂಡ್ರ ಇರ್ವಿಂಗ್‌ಬೈಲಿಯೈ ಎಂದು ನಾಮಕರಣ ಮಾಡಿದರು. ಆದರೆ ಸಾರ್ಕಾಂಡ್ರದಲ್ಲಿಯೂ ನಾಳಗಳಿವೆಯೆಂದು 1987ರಲ್ಲಿ ಶರ್ವಿನ್ ಕಾರ್ಲ್‌ಕ್ವಿಸ್ಟ್ ವರದಿಮಾಡಿದರು. ಹೀಗೆ ಸ್ವಾಮಿಯವರ ಒಂದು ನಿರ್ಣಯವನ್ನು ಕಾಲ ಎತ್ತಿಹಿಡಿಯಿತು, ಇನ್ನೊಂದನ್ನು ತಿದ್ದಿತು.

1951ರಲ್ಲಿ ಬೈಲಿ ಮತ್ತು ಸ್ವಾಮಿಯವರು ಪ್ರಕಟಿಸಿದ ಮತ್ತೊಂದು ಪ್ರಬಂಧ ಹೂವಿನ ಅಂಡಕೋಶದ ಉಗಮವನ್ನು ಕುರಿತದ್ದು. ಎಲೆಯೊಂದು ನಡುನರದ ಉದ್ದಕ್ಕೆ ಮಡಿಚಿ, ಅಂಚುಗಳು ಪೂರ್ಣ ಬೆಸೆಯದೆ ಉಳಿದಂಥ ರಚನೆಯೇ ಅಂಡಕೋಶದ ಪ್ರಾಚೀನ ರೂಪವಿರಬೇಕೆಂದು ಅವರು ವಾದಿಸಿದರು. ಫಿಜಿ ದ್ವೀಪದ ಡಿಜೆನೇರಿಯ ಮರದ ಹೂಗಳು ಇದಕ್ಕೆ ಮುಖ್ಯ ಆಧಾರಗಳಲ್ಲಿ ಒಂದಾಗಿದ್ದವು. ಸಸ್ಯವಿಜ್ಞಾನದ ಪಠ್ಯಗಳಲ್ಲಿ ಈ ವಾದವು ದೀರ್ಘಕಾಲ ಚರ್ಚೆಗೆ ಒಳಗಾಯಿತು.

ಮದರಾಸಿನ ವರ್ಷಗಳು

ಭಾರತಕ್ಕೆ ಹಿಂದಿರುಗಿದ ಮೇಲೆ ಸ್ವಾಮಿಯವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾದರು; ಮುಂದೆ ಅಲ್ಲಿನ ಪ್ರಿನ್ಸಿಪಾಲರೂ ಆದರು. ಅಲ್ಲಿ ಅವರು ಏಕದಳ ಸಸ್ಯಗಳ ಬೀಜದಳದ ಮೂಲವನ್ನು ಕೈಗೆತ್ತಿಕೊಂಡರು. ಏಕದಳ ಭ್ರೂಣದಲ್ಲಿ ಬೀಜದಳವು ತುದಿಯಲ್ಲಿ ಹುಟ್ಟುತ್ತದೆ, ಕಾಂಡದ ಕುಡಿಯು ಪಕ್ಕದಲ್ಲಿ ಹುಟ್ಟುತ್ತದೆ ಎಂಬುದು ಅಂದಿನ ರೂಢಿಯ ಅಭಿಪ್ರಾಯ. ಹ್ಯಾಲೊಫಿಲ ಎಂಬ ಕಡಲಸಸ್ಯ ಮತ್ತು ಒಟ್ಟೇಲಿಯ ಎಂಬ ನೀರುಗಿಡದ ಭ್ರೂಣಗಳಲ್ಲಿ ಕೋಶವಿಭಜನೆಯನ್ನು ಹಂತಹಂತವಾಗಿ ಅನುಸರಿಸಿ, ಈ ಎರಡು ಅಂಗಗಳೂ ಎಳೆಯ ಭ್ರೂಣದ ತುದಿಭಾಗದ ಕೋಶಗಳಿಂದಲೇ ಬರುತ್ತವೆ ಎಂಬ ವಾದವನ್ನು 1960ರ ದಶಕದ ಆರಂಭದಲ್ಲಿ ಮುಂದಿಟ್ಟರು. ಕೆ. ವಿ. ಕೃಷ್ಣಮೂರ್ತಿಯವರೊಡನೆ ಬರೆದ, ಹೂವಿನಿಂದ ಹಣ್ಣಿನವರೆಗಿನ ಭ್ರೂಣವಿಕಾಸವನ್ನು ವಿವರಿಸುವ ಇಂಗ್ಲಿಷ್ ಗ್ರಂಥವು 1980ರಲ್ಲಿ ಪ್ರಕಟವಾಯಿತು. ನಿವೃತ್ತಿಯ ನಂತರ ಅವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕೆಲಕಾಲ ಕಾರ್ಯನಿರ್ವಹಿಸಿದರು.

ಕನ್ನಡ ಬರಹಗಳು

ಸ್ವಾಮಿಯವರ ಸಂಶೋಧನಾ ಪ್ರಬಂಧಗಳು ಇಂಗ್ಲಿಷಿನಲ್ಲಿವೆ. ಅವುಗಳಿಗೆ ಓದುಗರು ಕೆಲವರೇ. ಕನ್ನಡ ಓದುಗರಿಗಾಗಿ ಅವರು ಬೇರೆಯದೇ ದಾರಿ ಹಿಡಿದರು. ‘ಹಸುರು ಹೊನ್ನು’ ವಿದ್ಯಾರ್ಥಿಗಳೊಡನೆ ಕೈಗೊಂಡ ಕಾಡಿನ ಪ್ರವಾಸಗಳ ಕಥನ. ಗಿಡವನ್ನು ಗುರುತಿಸುವ ಬಗೆ, ಅದರ ಹೆಸರಿನ ಹಿನ್ನೆಲೆ, ಅದರ ಉಪಯೋಗಗಳು ಹಾಸ್ಯಪ್ರಸಂಗಗಳ ನಡುವೆ ಸಹಜವಾಗಿ ಹೆಣೆದುಕೊಂಡಿವೆ. ಚಿತ್ರಗಳನ್ನೂ ಲೇಖಕರೇ ಬರೆದಿದ್ದಾರೆ. ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ ಎಂಬುದು ಆಲೂಗೆಡ್ಡೆ, ಮೆಣಸಿನಕಾಯಿಗಳಂಥ ಹೊರನಾಡಿನ ಬೆಳೆಗಳು ನಮ್ಮ ಅಡುಗೆಮನೆಗೆ ಬಂದ ಬಗೆಯನ್ನು ತಿಳಿಸುವ ಗ್ರಂಥ. ಬಯಲುಸೀಮೆಯ ಶೇಂಗಾ ಸಹ ಅದೇ ಖಂಡದ ಮೂಲದ ಬೆಳೆ.

‘ಕಾಲೇಜು ರಂಗ’, ‘ಕಾಲೇಜು ತರಂಗ’, ‘ಪ್ರಾಧ್ಯಾಪಕನ ಪೀಠದಲ್ಲಿ’ ಕೃತಿಗಳು ಉನ್ನತ ಶಿಕ್ಷಣದ ಓರೆಕೋರೆಗಳನ್ನು ವಿಡಂಬಿಸುತ್ತವೆ. ‘ಕಾಲೇಜು ರಂಗ’ವನ್ನು ಪುಟ್ಟಣ್ಣ ಕಣಗಾಲರು 1976ರಲ್ಲಿ ಚಲನಚಿತ್ರವಾಗಿಸಿದರು. ‘ಅಮೆರಿಕದಲ್ಲಿ ನಾನು’ ಹಾರ್ವರ್ಡಿನ ದಿನಗಳ ನೆನಪು. ‘ಪಂಚಕಲಶ ಗೋಪುರ’ ತಾವು ಕಂಡ ಹಿರಿಯ ಸಾಹಿತಿಗಳ ವ್ಯಕ್ತಿಚಿತ್ರಗಳು. ‘ಶಾಸನಗಳಲ್ಲಿ ಗಿಡಮರಗಳು’, ‘ತಮಿಳು ತಲೆಗಳ ನಡುವೆ’ ಕೃತಿಗಳು ಅವರ ಆಸಕ್ತಿ ಇತಿಹಾಸ ಮತ್ತು ಶಾಸನಗಳ ಕಡೆಗೂ ಚಾಚಿದ್ದಕ್ಕೆ ಸಾಕ್ಷಿ.

ನಿಧನ ಮತ್ತು ಸ್ಥಾನ

ಸ್ವಾಮಿಯವರು 1980ರ ನವೆಂಬರ್ 2ರಂದು, ತಮ್ಮ 62ನೆಯ ವಯಸ್ಸಿನಲ್ಲಿ ನಿಧನರಾದರು. ವಿಜ್ಞಾನಕ್ಕೆ ಅವರ ಕೊಡುಗೆಯು ಹೊಸ ಯಂತ್ರದಿಂದಾಗಲಿ ದೊಡ್ಡ ಹಣದಿಂದಾಗಲಿ ಬಂದುದಲ್ಲ. ಒಂದೊಂದು ಕೋಶವನ್ನೂ ತಾಳ್ಮೆಯಿಂದ ನೋಡಿ, ಕಂಡದ್ದನ್ನು ಕಂಡಂತೆ ಬರೆದಿಟ್ಟುದರಿಂದ ಬಂದುದು. ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಸ್ಯಶಾಸ್ತ್ರವನ್ನು ವಸ್ತುವಾಗಿ ಉಳ್ಳ ಕನ್ನಡ ಪುಸ್ತಕಕ್ಕೆ ಸಂದದ್ದು ವಿಜ್ಞಾನಬರಹಕ್ಕೂ ಸಾಹಿತ್ಯದಲ್ಲಿ ಸ್ಥಾನವುಂಟೆಂಬುದನ್ನು ತೋರಿಸಿತು. ‘ಹಸುರು ಹೊನ್ನು’ ಇಂದಿಗೂ ಕನ್ನಡದಲ್ಲಿ ಸಸ್ಯಲೋಕವನ್ನು ಪ್ರವೇಶಿಸಬಯಸುವ ವಿದ್ಯಾರ್ಥಿಗಳು ಓದುವ ಮೊದಲ ಪುಸ್ತಕಗಳಲ್ಲಿ ಒಂದಾಗಿದೆ.